ರಾತ್ರಿ ಬಾಲ್ಕನಿಗೆ ಬಂದು ಬಿದ್ದ ಹಕ್ಕಿ, ನಾನು ಮಾಡಿದ್ದು ಸರಿನಾ?

ನೀಲಿಅಲೆ:
ಎಲ್ಲರಿಗೂ ನಮಸ್ಕಾರ. ಅಲಾಸ್ಕಾ ಕ್ರೂಸ್ ಮುಗಿಸ್ಕೊಂಡು ಬಂದ್ವಿ. ತಿಮಿಂಗಿಲ ನೋಡ್ಬೇಕು ಅಂತಾನೇ ಹೋಗಿದ್ದು, ಅದೂ ಸಿಕ್ತು, ಆದ್ರೆ ನಾನು ಕೇಳೋಕೆ ಬಂದಿದ್ದು ಬೇರೆ ವಿಷಯ. ಅಲ್ಲಿನ ಸಿಟ್ಕಾ ಬಂದರು ಬಿಟ್ಟ ರಾತ್ರಿ ಹೊರಗೆ ಸಿಕ್ಕಾಪಟ್ಟೆ ಮಂಜು, ಇನ್ನೇನು ಮಲಗ್ಬೇಕು ಅನ್ನೋವಾಗ ಬಾಲ್ಕನಿಲಿ ಟಪ್ ಅಂತ ಸದ್ದಾಯ್ತು. ಹೋಗಿ ನೋಡಿದ್ರೆ ಕುರ್ಚಿ ಕೆಳಗೆ ಬೂದಿ ಬಣ್ಣದ ಒಂದು ಪುಟ್ಟ ಹಕ್ಕಿ, ಎದ್ದು ನಿಲ್ಲೋಕೂ ಆಗ್ದೆ ರೆಕ್ಕೆ ಬಿಚ್ಕೊಂಡು ತೆವಳ್ತಾ ಇತ್ತು. ಕಾಲು ಮುರ್ದಿದೆ ಅನ್ಕೊಂಡೆ. ಕತ್ತಲಲ್ಲಿ ಹೆದರುತ್ತೇನೋ ಅಂತ ಲೈಟ್ ಹಾಕೇ ಬಿಟ್ಟಿದ್ದೆ, ಬಟ್ಟಲಲ್ಲಿ ಕುಡಿಯೋ ನೀರಿಟ್ಟೆ, ಮುಟ್ಟಲಿಲ್ಲ. ಟವೆಲಲ್ಲಿ ಎತ್ತೋಕೆ ಹೋದ್ರೆ ಎಣ್ಣೆ ತರ ಏನೋ ಕಕ್ಕಿಬಿಡ್ತು, ಕೆಟ್ಟ ವಾಸನೆ. ಆಮೇಲೆ ಫೋನ್ ಮಾಡಿದೆ, ಸಿಬ್ಬಂದಿಯೊಬ್ರು ತೂತು ಮಾಡಿದ ರಟ್ಟಿನ ಡಬ್ಬ ತಂದು ಅದರಲ್ಲಿಟ್ಕೊಂಡು ಹೋದ್ರು. ಏನಾಯ್ತೋ ಗೊತ್ತಾಗ್ಲಿಲ್ಲ, ಇವತ್ತಿಗೂ ಮನಸ್ಸಲ್ಲಿ ಅದೇ ಕೊರೀತಿದೆ. ನಾನು ಏನಾದ್ರೂ ತಪ್ಪು ಮಾಡಿದ್ನಾ? ನಿಮಗೂ ಹೀಗೆ ಹಡಗಲ್ಲಿ ನಿರೀಕ್ಷೆನೇ ಇಲ್ದೆ ಯಾವುದಾದ್ರೂ ಪ್ರಾಣಿ ಪಕ್ಷಿ ಎದುರಾಗಿದ್ರೆ ಹೇಳಿ.

ರೆಕ್ಕೆಗುರುತು:
ನೀವು ಹೇಳಿದ್ದು ಕೇಳಿದ್ರೆ ಅದು ಸ್ಟಾರ್ಮ್ ಪೆಟ್ರೆಲ್ ಅನ್ಸುತ್ತೆ. ಕಾಲು ಮುರ್ದಿರೋದಿಲ್ಲ, ಅವುಗಳ ಕಾಲೇ ಅಷ್ಟು ಬಲಹೀನ, ಮರಿ ಮಾಡೋ ಕಾಲ ಬಿಟ್ರೆ ಇಡೀ ಜೀವನ ಸಮುದ್ರದ ಮೇಲೆ ಕಳೆಯೋ ಹಕ್ಕಿಗೆ ನಡೆಯೋ ಅಭ್ಯಾಸ ಎಲ್ಲಿಂದ ಬರ್ಬೇಕು? ಸುತ್ತ ಗೋಡೆ ಇರೋ ಸಪಾಟು ಜಾಗದಲ್ಲಿ ಬಿದ್ರೆ ಎದ್ದು ಹಾರೋದು ಅವಕ್ಕೆ ತುಂಬ ಕಷ್ಟ. ಬಂದು ಬೀಳೋಕೆ ಕಾರಣನೇ ಹಡಗಿನ ದೀಪ, ಅದ್ರಲ್ಲೂ ಮಂಜು ಮುಸುಕಿದ ರಾತ್ರಿ ಜಾಸ್ತಿ. ಹಾಗಾಗಿ ಲೈಟ್ ಹಾಕಿಟ್ಟಿದ್ದು ಒಂದು ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ, ಗೊತ್ತಿಲ್ದೆ ಇರೋರು ಎಲ್ಲರೂ ಮಾಡೋದು ಅದನ್ನೇ. ನೀರಿನ ಅವಶ್ಯಕತೆನೂ ಇಲ್ಲ, ಅವು ಸಮುದ್ರದ ನೀರೇ ಕುಡಿದು ಉಪ್ಪನ್ನ ಮೂಗಿನ ನಳಿಕೆಯಿಂದ ಹೊರಗೆ ಹಾಕ್ತವೆ. ಕಕ್ಕಿದ್ದು ಹೊಟ್ಟೆಯೊಳಗಿನ ಎಣ್ಣೆ, ಹೆದರಿದಾಗ ಹಾಗೆ ಮಾಡುತ್ತೆ. ಅದು ಹಕ್ಕಿಯ ಗರಿಗೇ ಮೆತ್ಕೊಂಡ್ರೆ ಗರಿ ನೀರು ತಡೆಯೋದಿಲ್ಲ, ಅದಕ್ಕೇ ಎಷ್ಟು ಕಮ್ಮಿ ಹಿಡೀತೀವೋ ಅಷ್ಟು ಒಳ್ಳೇದು. ಗಾಳಿ ಆಡೋ ಕತ್ತಲೆ ಡಬ್ಬದಲ್ಲಿಟ್ಟು, ಹೊರಗಿನ ದೀಪ ಆರಿಸಿ, ರಾತ್ರಿನೇ ಬಿಡೋದು ಸರಿಯಾದ ಕ್ರಮ. ಡಬ್ಬ ತಂದೋರಿಗೆ ಅದು ಗೊತ್ತಿತ್ತು ಅನ್ಸುತ್ತೆ.

ದಿಗಂತ:
ಅಷ್ಟೆಲ್ಲಾ ಯಾಕೆ, ಕೈಯಲ್ಲಿ ಹಿಡ್ಕೊಂಡು ಕಟಕಟೆಯಿಂದ ಮೇಲಕ್ಕೆ ಎಸೆದ್ರೆ ಅದರ ಪಾಡಿಗೆ ಅದು ಹಾರಿಹೋಗುತ್ತಲ್ವಾ? ನಾವು ಒಂದ್ಸಲ ಹಾಗೇ ಮಾಡಿದ್ವಿ, ಹೋಯ್ತು.

ರೆಕ್ಕೆಗುರುತು:
ದಯವಿಟ್ಟು ಹಾಗೆ ಮಾಡ್ಬೇಡಿ. ದೀಪ ಉರೀತಿದ್ರೆ ತಿರುಗಿ ಬಂದು ಅದೇ ಹಡಗಿಗೆ ಡಿಕ್ಕಿ ಹೊಡಿಯುತ್ತೆ, ಗರಿ ಒದ್ದೆಯಾಗಿದ್ರೆ ನೇರ ನೀರಿಗೇ ಬೀಳುತ್ತೆ. ಇನ್ನೊಂದು, ಬರಿಗೈಲಿ ಮುಟ್ಟೋದು ಬೇಡವೇ ಬೇಡ, ಹಕ್ಕಿಜ್ವರ 2023ರ ಅಕ್ಟೋಬರ್‌ನಲ್ಲಿ ಅಂಟಾರ್ಕ್ಟಿಕಾ ಕಡೆಯ ಸೌತ್ ಜಾರ್ಜಿಯಾ ದ್ವೀಪದ ಕಡಲ ಹಕ್ಕಿಗಳವರೆಗೂ ಮುಟ್ಟಿದೆ. ಆ ಕಡೆ ಹೋಗೋ ಹಡಗುಗಳಲ್ಲಿ ಕತ್ತಲಾದ ತಕ್ಷಣ ಡೆಕ್ ದೀಪ ಕಮ್ಮಿ ಮಾಡಿ, ಎಲ್ಲ ಕ್ಯಾಬಿನ್‌ನೋರಿಗೂ ಪರದೆ ಎಳೀರಿ ಅಂತ ಅನೌನ್ಸ್ ಮಾಡ್ತಾರೆ. ಎಲ್ಲಾ ಕಡೆ ಹಾಗೆ ಮಾಡ್ಬೇಕು ಅನ್ನೋದು ನನ್ನ ಆಸೆ.

ತೇಲುಮನೆ:
ನಮಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ ಗಲ್ಫ್ ಆಫ್ ಮೆಕ್ಸಿಕೋ ನಡುವೆ. ಬೆಳಗ್ಗೆಯಿಂದ ಎದುರುಗಾಳಿ, ಮಧ್ಯಾಹ್ನದ ಹೊತ್ತಿಗೆ ಈಜುಕೊಳದ ಪಕ್ಕ ಹಳದಿ ಬಣ್ಣದ ಪುಟ್ಟ ವಾರ್ಬ್ಲರ್‌ಗಳು ಒಂದೊಂದಾಗಿ ಬಂದು ಕೂತ್ವು, ಒಂದು ನಮ್ಮೆಜಮಾನ್ರ ಚಪ್ಪಲಿ ಮೇಲೇ ಕೂತು ಕಣ್ಮುಚ್ಚಿತು. ಅವು ದಕ್ಷಿಣದಿಂದ ಸಂಜೆ ಹೊರಟು ರಾತ್ರಿಯೆಲ್ಲಾ ಹಾರಿ ಆ ನೀರನ್ನ ದಾಟೋ ವಲಸೆ ಹಕ್ಕಿಗಳಂತೆ, ಸುಮಾರು 800 ಕಿಲೋಮೀಟರ್ ಎಲ್ಲೂ ಇಳಿಯೋಕೆ ಜಾಗನೇ ಇಲ್ಲ. 3 ಗ್ರಾಂ ತೂಗೋ ಹಮ್ಮಿಂಗ್‌ಬರ್ಡ್ ಕೂಡ ಇದೇ ದಾರಿ ದಾಟುತ್ತೆ ಅಂತ ಆಮೇಲೆ ಓದಿ ನಿಜವಾಗ್ಲೂ ಕಣ್ಣು ತುಂಬಿ ಬಂತು. ಮಕ್ಕಳು ಬ್ರೆಡ್ ಹಾಕೋಕೆ ಬಂದ್ರು, ಹುಳ ತಿನ್ನೋ ಹಕ್ಕಿಗೆ ಬ್ರೆಡ್ ಬೇಡ ಕಂದ ಅಂತ ಹೇಳಿ ಕಳಿಸ್ದೆ, ಆ ಸಾಲು ಕುರ್ಚಿಗಳನ್ನ ಖಾಲಿ ಬಿಡಿ ಅಂತ ಸಿಬ್ಬಂದಿನ ಕೇಳ್ಕೊಂಡೆ. ಸಂಜೆ ಗಾಳಿ ತಿರುಗ್ತಿದ್ದಂಗೆ ಸುಮಾರು ಹಕ್ಕಿ ಹೊರಟುಹೋದ್ವು. ಎರಡು ಅಲ್ಲೇ ಸತ್ತುಬಿದ್ದಿದ್ವು, ಅದನ್ನ ಮರೆಯೋಕಾಗಲ್ಲ.

ಉಪ್ಪುಗಾಳಿ:
ಕೆರಿಬಿಯನ್ ಕಡೆ ಹೋಗೋರು ಬೆಳಗ್ಗೆ ಹಡಗಿನ ಮುಂತುದಿಗೆ ಹೋಗಿ ನಿಂತ್ಕೊಳ್ಳಿ. ಹಡಗು ನೀರು ಸೀಳ್ಕೊಂಡು ಹೋಗೋವಾಗ ಹಾರುವ ಮೀನುಗಳು ಗಾಬರಿಯಾಗಿ ಎದ್ದು ಜಾರ್ತವೆ, ಅದಕ್ಕೇ ಕಾಯ್ಕೊಂಡು ಬೂಬಿ ಹಕ್ಕಿಗಳು ಹಡಗಿನ ಪಕ್ಕದಲ್ಲೇ ಬರ್ತಾ ಇದ್ದು ಬಾಣದ ತರ ಬೀಳ್ತವೆ. 2008ರಲ್ಲಿ ಜಪಾನ್ ಹತ್ರ ಟೀವಿಯವ್ರು ಶೂಟ್ ಮಾಡಿದ ಒಂದು ಮೀನು 45 ಸೆಕೆಂಡ್ ಗಾಳಿಯಲ್ಲೇ ಇತ್ತು, ನಂಬೋಕಾಗುತ್ತಾ? ನಾನು ನಾಲ್ಕು ದಿನ ತಿಂಡಿ ಬಿಟ್ಟು ಅಲ್ಲೇ ನಿಂತಿದ್ದೆ.

ನೀಲಿಅಲೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಲೈಟ್ ವಿಷಯ ಓದಿ ಹೊಟ್ಟೆ ತೊಳಸಿದಂಗಾಯ್ತು, ಆವತ್ತು ನಮ್ಮ ಸಾಲಿನ ಬಾಲ್ಕನಿಗಳೆಲ್ಲಾ ಉರೀತಿದ್ವು. ಮುಂದಿನ ಸಲ ನಾನಂತೂ ಆರಿಸ್ತೀನಿ, ಅಕ್ಕಪಕ್ಕದೋರಿಗೂ ಹೇಳ್ತೀನಿ. ಒಂದೇ ಒಂದು ಫೋಟೋ ಇದೆ, ಕೊಕ್ಕಿನ ಮೇಲೆ ಸಣ್ಣ ನಳಿಕೆ ಕಾಣುತ್ತೆ, ಬಾಲ ಕವಲು ಕವಲಾಗಿದೆ. ನೋಡಿ ಹೇಳ್ತೀರಾ ಸರ್?

ರೆಕ್ಕೆಗುರುತು:
ನೋಡಿದೆ, ಫೋರ್ಕ್ ಟೇಲ್ಡ್ ಸ್ಟಾರ್ಮ್ ಪೆಟ್ರೆಲ್, ಅನುಮಾನನೇ ಇಲ್ಲ. ಸಿಟ್ಕಾ ಹತ್ರ ಸೇಂಟ್ ಲಜಾರಿಯಾ ಅಂತ ಒಂದು ಪುಟ್ಟ ದ್ವೀಪ ಇದೆ, ಅಲ್ಲಿ ಲಕ್ಷಾಂತರ ಸ್ಟಾರ್ಮ್ ಪೆಟ್ರೆಲ್‌ಗಳು ಮಣ್ಣಲ್ಲಿ ಬಿಲ ತೋಡ್ಕೊಂಡು ಮರಿ ಮಾಡ್ತವೆ, ಬೇಟೆಹಕ್ಕಿಗಳ ಕಣ್ಣು ತಪ್ಪಿಸೋಕೆ ಗೂಡಿಗೆ ಬರೋದು ಹೋಗೋದು ಎಲ್ಲಾ ಕತ್ತಲಲ್ಲೇ. ನಿಮ್ಮದು ಮರಿಗೆ ಗುಟುಕು ತಗೊಂಡು ಹೋಗ್ತಿತ್ತೇನೋ. ರಟ್ಟಿನ ಡಬ್ಬ ಬೇಗ ಬಂದಿದ್ದು ಒಳ್ಳೇದಾಯ್ತು.