ಅಪ್‌ಡೇಟ್: ಜರ್ಮೇನಿಯಂ ಫಜ್ ಫೇಸ್ ಈಗ ಸರಿಯಾಗಿ ನುಡಿಯುತ್ತಿದೆ
1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ಹೊರತಂದ, ಗಿಟಾರಿನ ದನಿಯನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್‌ನ ಸರ್ಕ್ಯೂಟನ್ನು ಮನೆಯಲ್ಲಿ ಕಟ್ಟುತ್ತಿರುವಾಗ, ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿ (ಅದರ ಮೂರು ಕಾಲುಗಳಲ್ಲಿ ಒಂದು) ಇರಬೇಕಾದ ಸುಮಾರು ಮೈನಸ್ 4.5 ವೋಲ್ಟ್ ಏಕೆ ಸಿಗುತ್ತಿಲ್ಲವೆಂದು ಕೇಳಿದ್ದೆ. ನೀವು ಸೂಚಿಸಿದಂತೆ ಎರಡೂ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಸೋರಿಕೆ ಕರೆಂಟನ್ನು (ಸಿಗ್ನಲ್ ಇಲ್ಲದಿದ್ದರೂ ಹರಿಯುವ ಕರೆಂಟು) ಅಳೆದಾಗ, ಮೊದಲನೆಯದು ವಿಪರೀತ ಸೋರುತ್ತಿದ್ದುದು ತಿಳಿಯಿತು. ಮಲ್ಟಿಮೀಟರ್ ಆ ಸೋರಿಕೆಯನ್ನೂ ಗೇನ್ (ವರ್ಧನೆ) ಎಂದೇ ಲೆಕ್ಕ ಹಿಡಿದಿತ್ತು. ಸೋರಿಕೆ ಕಡಿಮೆಯಿರುವ ಇನ್ನೊಂದನ್ನು ಅಲ್ಲಿ ಕೂರಿಸಿ, ಎರಡನೆಯದರ ಕಲೆಕ್ಟರಿಗೆ ಸೇರಿದ 8.2 ಕಿಲೋಓಮ್ ರೆಸಿಸ್ಟರಿನ ಜಾಗಕ್ಕೆ ಟ್ರಿಮ್‌ಪಾಟ್ (ತಿರುಗಿಸಿ ಬೆಲೆ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿ, ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸಿದಾಗ ಮೀಟರು ಮೈನಸ್ 4.5 ವೋಲ್ಟಿನಲ್ಲಿ ನಿಂತಿತು. ಬೆಸುಗೆ ಹಾಕಿದ ಕೂಡಲೇ ಅಳೆಯಬಾರದು. ಬಿಸಿಯಾದ ಜರ್ಮೇನಿಯಂ ಇನ್ನಷ್ಟು ಸೋರುವುದರಿಂದ ಅದು ತಣಿಯುವವರೆಗೆ ಕಾಯಲೇಬೇಕು. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಸಾಕು, ಒರಟು ದನಿ ತಿಳಿಯಾಗುತ್ತದೆ, ಮತ್ತು ನನಗೆ ಈ ಪೆಡಲ್ ಬೇಕಾಗಿದ್ದುದೇ ಆ ಗುಣಕ್ಕಾಗಿ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.