ಮರು: ‘ಕೂಲಂಟ್ ಪೈಪು’ ಪದಕ್ಕೆ ಕನ್ನಡ (ಬೋರ್ಡಿಗೆ ಬೇಕು, ತುರ್ತು)

ಕೇಳಿದವರಿಗೆ ನಾಳೆ ಸಂಜೆಯೊಳಗೆ ಬೇಕಂತೆ. ಮಂಗಳೂರಿನ ಪಡೀಲಿನ ವರ್ಕ್‌ಶಾಪಿನ ಗೋಡೆಗೆ ಒಂದು ಬೋರ್ಡು, ಜೊತೆಗೆ ಹಳೆ ಕಾರಿನ ಕೂಲಂಟ್ ಪೈಪು ಬದಲಿಸುವ ಕ್ರಮ ಹೇಳುವ ಒಂದು ಹಾಳೆ. ಹಾಗಾಗಿ ಉತ್ತರ ಮೊದಲು: ‘ಕೂಲಂಟ್ ಪೈಪು’ ಅಂತಲೇ ಬರೆಯಿರಿ. ಎಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವವೇ ಕೂಲಂಟ್, ಅದು ಹರಿಯುವ ಪೈಪು ಇದು.

ಇಲ್ಲಿ ಕೆಲವರು ಸೂಚಿಸಿದ ‘ಶೀತಕ ನಳಿಕೆ’, ‘ತಂಪುಗೊಳವೆ’ ಎರಡೂ ಬೇಡ. ತಂಪುಗೊಳವೆಯಲ್ಲಿ ಸಂಧಿ ಸರಿ ಇದೆ, ಅರ್ಥ ಸರಿ ಇಲ್ಲ. ಎಂಜಿನ್ ಓಡುವಾಗ ಆ ಪೈಪಿನ ಒಳಗೆ ಇರುವುದು 90 ಡಿಗ್ರಿ ಆಸುಪಾಸಿನ ನೀರು. ಕೈ ಸುಡುವ ವಸ್ತುವಿಗೆ ತಂಪು ಅಂತ ಹೆಸರಿಟ್ಟು ಹೊಸ ಹುಡುಗರ ಕಣ್ಣೆದುರು ತೂಗು ಹಾಕಬೇಡಿ. ‘ಶೀತಕ’ ಪಠ್ಯಪುಸ್ತಕದಲ್ಲಿ ಇದೆ, ಗೊತ್ತು. ನಮ್ಮ ಕಡೆ ಶೀತ ಅಂದರೆ ಮೂಗು ಸೋರುವುದು. ಅದಕ್ಕಿಂತ ಮುಖ್ಯ, ಕೂಲಂಟಿನ ಕೆಲಸ ಬರೀ ತಂಪು ಮಾಡುವುದಲ್ಲ. ಅದರ ಎಥಿಲೀನ್ ಗ್ಲೈಕಾಲ್ ನೀರು ಬೇಗ ಕುದಿಯದಂತೆ, ಚಳಿಗೆ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಜೊತೆಗೆ ಬೆರೆಸಿದ ಬೇರೆ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಮಂಗಳೂರಿನಲ್ಲಿ ನೀರು ಗಟ್ಟಿಯಾಗುವ ಮಾತೇ ಇಲ್ಲ. ನಮಗೆ ಜಾಸ್ತಿ ಬೇಕಾದದ್ದು ತುಕ್ಕು ತಡೆಯುವ ಗುಣವೇ. ತಂಪಿಗೆ ತಾನೆ, ಬಾವಿ ನೀರು ಸಾಕು ಅಂತ ವರ್ಷಗಟ್ಟಲೆ ಸುರಿದರೆ ಕಬ್ಬಿಣದ ಪೈಪನ್ನು ತುಕ್ಕು ಒಳಗಿಂದಲೇ ತಿನ್ನುತ್ತದೆ. ಹೆಸರೇ ಆ ತಪ್ಪಿಗೆ ದಾರಿ ತೋರಿಸಬಾರದು.

ಪೈಪಿಗೆ ‘ಕೊಳವೆ’ ಯಾಕಾಗಬಾರದು ಅಂತ ಒಬ್ಬರು ಕೇಳಿದ್ದಾರೆ. ನನಗೂ ಇಷ್ಟದ ಪದವೇ. ಕೊಳಲು, ಕೊಳವೆ ಒಂದೇ ಬೇರಿನವು. ಹಳಗನ್ನಡದಲ್ಲಿ ಕೊೞಲ್, ತಮಿಳಿನಲ್ಲಿ ಕುೞಲ್. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕಿಟೆಲ್ ನಿಘಂಟನ್ನು ಒಮ್ಮೆ ತೆರೆದು ನೋಡಿ. ಕೊಳವೆ ಬಾವಿ ಅನ್ನುವಲ್ಲಿ ಪದ ಈಗಲೂ ಚೆನ್ನಾಗಿಯೇ ಬದುಕಿದೆ. ಆದರೆ ಕಾರಿನ ಕೆಲಸದಲ್ಲಿ ಅದು ಯಾರ ಬಾಯಲ್ಲೂ ಇಲ್ಲ. ‘ದಂಬೆ’ ಅಂದವರಿಗೆ: ಅಡಿಕೆ ಮರ ಸೀಳಿ, ತಿರುಳು ತೆಗೆದು ಮಾಡುವ ದಂಬೆ ಮೇಲೆ ತೆರೆದಿರುತ್ತದೆ, ನೀರು ಇಳಿಜಾರಿಗೆ ತಾನಾಗಿ ಹರಿಯುತ್ತದೆ. ಇದು ಮುಚ್ಚಿದ ಪೈಪು, ಒಳಗೆ ಒತ್ತಡ. ಆಗುವುದಿಲ್ಲ.

ಹಾಳೆಗೆ ಬೇಕಾಗಿರುವ ಭೇದ ಬೇರೆಯೇ, ಅದನ್ನು ಯಾರೂ ಎತ್ತಲಿಲ್ಲ. ಹಳೆ ಎಂಜಿನ್ನುಗಳಲ್ಲಿ ರಬ್ಬರಿನದ್ದೂ ಇರುತ್ತದೆ, ಎಂಜಿನ್ನಿನ ದೊಡ್ಡ ಲೋಹದ ಒಡಲಿನ (ಬ್ಲಾಕಿನ) ಪಕ್ಕದಲ್ಲೇ ಹಾದು ಹೋಗುವ ಕಬ್ಬಿಣದ್ದೂ ಇರುತ್ತದೆ. ಎರಡಕ್ಕೂ ‘ಪೈಪು’ ಅನ್ನುವುದು ರೂಢಿ. ಸುಮ್ನೆ ಪೈಪು ಅಂತ ಬರೆದರೆ ಅಂಗಡಿಯಿಂದ ತಪ್ಪು ಸಾಮಾನು ಬರುತ್ತದೆ. ‘ರಬ್ಬರ್ ಪೈಪು’, ‘ಕಬ್ಬಿಣದ ಪೈಪು’ ಅಂತ ಪ್ರತಿ ಸಲವೂ ಬಿಡಿಸಿ ಬರೆಯಿರಿ. ಕ್ಲಿಪ್, ಓ ರಿಂಗ್ (ಸಂದಿನಲ್ಲಿ ಕೂರುವ ರಬ್ಬರ್ ಬಳೆ), ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟ್ ಬಿಡುವ ಭಾಗ) ಹಾಗೇ ಇರಲಿ.

ಕನ್ನಡ ದುಡಿಯಬೇಕಾದದ್ದು ಕ್ರಿಯಾಪದಗಳಲ್ಲಿ. ನೀವು ಕಳಿಸಿದ ಕರಡಿನಲ್ಲಿ ‘ಸೋರಿಕೆ’ ಒಂದೇ ಪದ ಎಲ್ಲ ಕಡೆ ಹಾಕಿದ್ದೀರಿ. ತೊಟ್ಟಿಕ್ಕುವುದು ಬೇರೆ, ಜಿನುಗುವುದು ಬೇರೆ, ಒಸರುವುದು ಬೇರೆ. ರಬ್ಬರ್ ಪೈಪು ಕಬ್ಬಿಣದ ಬಾಯಿಗೆ ಕೂರುವಲ್ಲಿ, ಕ್ಲಿಪ್ಪಿನ ಕೆಳಗೆ, ಹಸಿರು ಬಿಳಿ ಪುಡಿ ಕಟ್ಟಿರುತ್ತದಲ್ಲ, ಅಲ್ಲಿ ನೆಲಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ. ಬಿಸಿಗೆ ಒಸರಿ ಅಲ್ಲೇ ಒಣಗಿದ ಕೂಲಂಟ್ ಅದು. ಮಳೆಗಾಲದಲ್ಲಿ ಗುಡ್ಡದ ಬದಿಯಿಂದ ನೀರು ಒಸರುವುದನ್ನು ಕಂಡ ಹುಡುಗನಿಗೆ ‘ಒಸರು’ ಅಂದರೆ ಸಾಕು, ಎಲ್ಲಿ ನೋಡಬೇಕು ಅಂತ ತಿಳಿಯುತ್ತದೆ.

ಎಲ್ಲಕ್ಕಿಂತ ಅಪಾಯದ ಪದ ನಿಮ್ಮ ಬೋರ್ಡಿನ ಮೊದಲ ಸಾಲಿನಲ್ಲೇ ಇದೆ. ‘ಎಂಜಿನ್ ಆರಿದ ಮೇಲೆ ಕ್ಯಾಪ್ ತೆಗೆಯಿರಿ.’ ಕ್ಯಾಪ್ ಅಂದರೆ ಕೂಲಂಟ್ ತುಂಬುವ ಬಾಯಿಯ ಮುಚ್ಚಳ. ಅನ್ನ ಆರುತ್ತದೆ, ಬಟ್ಟೆ ಆರುತ್ತದೆ, ದೀಪವೂ ಆರುತ್ತದೆ. ಎಂಜಿನ್ ಆರಿತು ಅಂದರೆ ನಿಂತಿತು ಅಂತ ಓದುವವರು ಖಂಡಿತ ಇದ್ದಾರೆ. ನಿಂತ ಕೂಡಲೇ ಕ್ಯಾಪ್ ತಿರುಗಿಸಿದರೆ ಏನಾಗುತ್ತದೆ? ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಉಳಿದಿದ್ದ ನೀರು, ಒತ್ತಡ ಹೋದ ಕ್ಷಣಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ‘ತಣಿ’ ಹಾಕಿ. ಚಾ ತಣಿಯಿತು ಅಂತ ದಿನವೂ ಹೇಳುತ್ತೇವೆ ಅಲ್ವಾ, ಎಂಜಿನ್ನಿಗೆ ಹೇಳಿದಾಗ ಇದರಲ್ಲಿ ಎರಡರ್ಥ ಬರುವುದಿಲ್ಲ.

ನಿಮ್ಮ ಸಾಲುಗಳನ್ನು ತಿದ್ದಿದರೆ ಹೀಗಾಗುತ್ತದೆ: “ಎಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ ಕ್ಯಾಪ್ ತೆಗೆಯಿರಿ. ಕೆಳಗೆ ಬಾಲ್ದಿ ಇಟ್ಟು ಹಳೆ ಕೂಲಂಟ್ ಬಸಿಯಿರಿ. ಕೂಲಂಟ್ ವಿಷ, ಚರಂಡಿಗೆ ಚೆಲ್ಲಬೇಡಿ, ನಾಯಿ ಬೆಕ್ಕು ನೆಕ್ಕದಂತೆ ಮುಚ್ಚಿಡಿ. ಕ್ಲಿಪ್ ಸಡಿಲಿಸಿ, ರಬ್ಬರ್ ಪೈಪನ್ನು ತಿರುಚಿ ಬಿಡಿಸಿ, ಮೀಟಬೇಡಿ. ಕಬ್ಬಿಣದ ಪೈಪು ಕೂರುವ ಜಾಗದ ತುಕ್ಕು ಒರೆಸಿ, ಹೊಸ ಓ ರಿಂಗಿಗೆ ಕೂಲಂಟ್ ಸವರಿ ಕೂರಿಸಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿ. ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಿರಿ. ತಣಿದ ಮೇಲೆ ಮಟ್ಟ ಇನ್ನೊಮ್ಮೆ ನೋಡಿ.” ‘ಏರ್ ಬ್ಲೀಡಿಂಗ್’ ಬದಲು ‘ಗಾಳಿ ತೆಗೆಯುವುದು’ ಹಾಕಿದ್ದೇನೆ. ಇಲ್ಲಿ ಕನ್ನಡವೇ ಸಲೀಸು. ಮಿಶ್ರಣ ಆಗಿಯೇ ಬರುವ ಕೂಲಂಟ್ ತಂದರೆ ನೀರಿನ ಮಾತು ತೆಗೆದುಬಿಡಿ.

ಕೂಲಂಟ್ ಅಂದರೆ ಭಾಷೆ ಕೆಟ್ಟಿತು ಅನ್ನುವವರಿಗೆ ಒಂದೇ ಮಾತು ಮಾರಾಯ್ರೆ. ಮೇಲಿನ ಬಾಲ್ದಿ ಪೋರ್ಚುಗೀಸರದ್ದು. ಕಾರಿನ ಚಾವಿಯೂ ಅವರದ್ದೇ. ಇವುಗಳಿಂದ ಕರಾವಳಿಯ ಕನ್ನಡ ಬಡವಾಗಿಲ್ಲ. ಇಂಗ್ಲಿಷ್ ತೆಗೆದು ಆ ಜಾಗಕ್ಕೆ ಸಂಸ್ಕೃತದ ‘ನಳಿಕೆ’ ತಂದು ಕೂರಿಸಿದರೆ ಕನ್ನಡ ಉಳಿಯಿತು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ‘ಬಸಿ’, ‘ಒಸರು’, ‘ತಣಿ’ ಬಿಟ್ಟುಕೊಟ್ಟು ‘ಡ್ರೈನ್ ಮಾಡಿ’, ‘ಲೀಕ್ ಆಗಿದೆ’, ‘ಕೂಲ್ ಆದ ಮೇಲೆ’ ಅಂತ ಬರೆಯುತ್ತೇವಲ್ಲ, ನನಗೆ ಸಂಕಟ ಆಗುವುದು ಅಲ್ಲಿ.

ಪ್ರಿಂಟಿಗೆ ಕೊಡುವ ಮುಂಚೆ ‘ತಣಿದ’ದಲ್ಲಿ ಣ ಸರಿಯಾಗಿ ಬಿದ್ದಿದೆಯಾ ಅಂತ ನೀವೇ ನೋಡಿ. ‘ಮಾತ್ರ’ ಮುಂದಿನ ಸಾಲಿಗೆ ಜಾರದ ಹಾಗೆ ಅಕ್ಷರದ ಗಾತ್ರ ಇಟ್ಟುಕೊಳ್ಳಿ.