ಅಪ್‌ಡೇಟ್: ಬೀಟ್‌ರೂಟ್ ಹಮ್ಮಸ್ ಕೊನೆಗೂ ನುಣ್ಣಗೆ ಬಂತು

ಬೀಟ್‌ರೂಟ್ ಹಾಕಿದ ಹಮ್ಮಸ್ (ಬೆಂದ ಕಾಬೂಲಿ ಕಡಲೆಯನ್ನು ನುಣ್ಣಗೆ ರುಬ್ಬಿ ಮಾಡುವ ಚಟ್ನಿಯಂಥದ್ದು) ನೀರುನೀರಾಗಿ, ತರಿತರಿಯಾಗಿ ಬರುತ್ತಿದೆ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಕೆಲವರು ಸಲಹೆ ಕೊಟ್ಟಿದ್ದರು. ಈಗ ಸರಿಹೋಗಿದೆ.

ಕೈ ಹಿಡಿದದ್ದು ಸೋಡಾ ಸಲಹೆ. ರಾತ್ರಿ ನೆನೆಸಿದ ಕಾಬೂಲಿ ಕಡಲೆಗೆ ಬೇಯಿಸುವಾಗ ಅರ್ಧ ಚಮಚ ಅಡುಗೆ ಸೋಡಾ ಹಾಕಿದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಹಿಸುಕಿಹೋಗುತ್ತಿತ್ತು, ಸಿಪ್ಪೆ ತಾನಾಗಿಯೇ ಮೇಲೆ ತೇಲಿತು. ಬೀಟ್‌ರೂಟನ್ನು ನೀರಲ್ಲಿ ಬೇಯಿಸಲಿಲ್ಲ. ಫಾಯಿಲ್ ಸುತ್ತಿ 200 ಡಿಗ್ರಿ ಓವನ್‌ನಲ್ಲಿ ಸುಮಾರು ಒಂದು ಗಂಟೆ ಇಟ್ಟೆ. ನೀರಿನ ಕಾಟ ತಪ್ಪಿತು, ಮಣ್ಣಿನ ವಾಸನೆಯೂ ಕಡಿಮೆಯಾಯಿತು.

ಎಣ್ಣೆ ಜಾಸ್ತಿ ಹಾಕಿ ಅಂದವರ ಸಲಹೆ ನಡೆಯಲಿಲ್ಲ. ತರಿ ಹಾಗೇ ಇತ್ತು, ಜಿಡ್ಡು ಬೇರೆ! ಅದರ ಬದಲು ತಹಿನಿ (ಎಳ್ಳಿನ ಪೇಸ್ಟ್), ನಿಂಬೆರಸ, ಬೆಳ್ಳುಳ್ಳಿಯನ್ನು ಮೊದಲು ರುಬ್ಬಿ, ಆಮೇಲೆ ಕಡಲೆ, ಬೀಟ್‌ರೂಟ್ ಸೇರಿಸಿ, ಮಿಕ್ಸಿ ತಿರುಗುವಾಗಲೇ ಒಂದೆರಡು ಚಮಚ ಐಸ್ ನೀರು ಬಿಡಿ. ಬಿಳಿ ಎಳ್ಳನ್ನು ಹದವಾಗಿ ಹುರಿದು ಎಣ್ಣೆ ಜೊತೆ ರುಬ್ಬಿದರೆ ತಹಿನಿ ಮನೆಯಲ್ಲೇ ಆಗುತ್ತದೆ, ಸುಮ್ನೆ ದುಡ್ಡು ಯಾಕೆ ಸುರಿಯಬೇಕು?

ಗೊತ್ತಿಲ್ಲದ ಒಂದು ವಿಷಯ ತಿಳಿಯಿತು. ಬೀಟ್‌ರೂಟಿನ ಬಣ್ಣ ಹುಳಿಯಲ್ಲಿ ನಿಲ್ಲುತ್ತದೆ, ಸೋಡಾಕ್ಕೆ ಕೆಡುತ್ತದೆ. ಹಾಗಾಗಿ ಬೆಂದ ಕಡಲೆಯನ್ನು ಚೆನ್ನಾಗಿ ತೊಳೆಯಿರಿ, ನಿಂಬೆರಸಕ್ಕೆ ಜಿಪುಣತನ ಬೇಡ. ಇನ್ನೊಂದು, ಮಾರನೇ ದಿನ ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ. ಕೆಲವರಿಗೆ ಬೀಟ್‌ರೂಟ್ ತಿಂದರೆ ಹಾಗಾಗುತ್ತದೆ.